ಹನ್ನೆರಡು ಭೇಟಿಗಳ ದಿನಚರಿ

ನಾನು ಹಾವೇರಿಯ ಒಂದು ಬೈಂಡಿಂಗ್ ಅಂಗಡಿಯಲ್ಲಿ ಹುಟ್ಟಿದೆ. ನೂರು ಹಾಳೆ, ನೀಲಿ ರಟ್ಟು, ಬೆನ್ನಿಗೆ ಕಪ್ಪು ಬಟ್ಟೆ. ಎದೆಯ ಮೇಲೆ ‘ಕ್ಷೇತ್ರಕಾರ್ಯ ದಿನಚರಿ’ ಎಂದು ಅಚ್ಚು ಹಾಕಿದರು. ಸಮಾಜಕಾರ್ಯದಲ್ಲಿ ಎಂ.ಎಸ್.ಡಬ್ಲ್ಯು. ಓದುವವರು ವಾರಕ್ಕೊಮ್ಮೆ ತಮಗೆ ಒಪ್ಪಿಸಿದ ಮನೆಗೆ ಹೋಗಿ, ಕಂಡದ್ದನ್ನು ನನ್ನಂಥವರಲ್ಲಿ ಬರೆದು, ಮೇಷ್ಟ್ರ ಸಹಿ ಪಡೆಯಬೇಕು. ಅದಿಲ್ಲದೆ ಪದವಿ ಕೈಗೆ ಬರುವುದಿಲ್ಲ.

ನನ್ನನ್ನು ಕೊಂಡವಳು ಸುವರ್ಣಾ ಕಮ್ಮಾರ. ಕುಲುಮೆಯ ಮನೆಯ ಹುಡುಗಿ, ಆ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲನೆಯವಳು. ಅವಳಿಗೆ ಒಪ್ಪಿಸಿದ್ದು ಫಕೀರವ್ವನ ಮನೆ. ಮೆಣಸಿನಕಾಯಿ ತೊಟ್ಟು ಬಿಡಿಸುವ ಕೂಲಿಯ ಹೆಂಗಸು. ಕ್ಷಯರೋಗದ ಗುಳಿಗೆಯನ್ನು ಅರ್ಧಕ್ಕೇ ಬಿಟ್ಟಿದ್ದಳು. ಅವಳು ಮತ್ತೆ ಗುಳಿಗೆ ನುಂಗುವಂತೆ ಮಾಡುವುದೇ ಸುವರ್ಣಾಳ ಕೆಲಸ.

ಮೊದಲ ಭೇಟಿ ಚೆನ್ನಾಗಿಯೇ ಆಯಿತು; ಫಕೀರವ್ವ ಗೋಣಿತಟ್ಟು ಹಾಸಿ ಕೂರಿಸಿದಳು. ಎರಡನೆಯ ಸಲ ಫಕೀರವ್ವನಿಗೆ ಕೆಮ್ಮು ಒತ್ತರಿಸಿ ಬಂದು, ಉಗುಳಿನ ಹನಿ ಸುವರ್ಣಾಳ ಕೆನ್ನೆಗೆ ಸಿಡಿಯಿತು. ಹುಡುಗಿ ಓಣಿಯ ನಲ್ಲಿಯಲ್ಲಿ ಚರ್ಮ ಕೆಂಪಾಗುವವರೆಗೆ ಮುಖ ಉಜ್ಜಿದಳು. ಮೂರನೆಯ ವಾರ ಆ ಓಣಿಯ ತಿರುವಿನವರೆಗೆ ಹೋದಳು, ಹಿಂದಿರುಗಿದಳು. ಬಸ್ ನಿಲ್ದಾಣದ ಕ್ಯಾಂಟೀನಿನಲ್ಲಿ ಕೂತು ನನ್ನನ್ನು ಬಿಚ್ಚಿ ಬರೆದಳು: ‘ಮೂರನೆಯ ಭೇಟಿ. ರೋಗಿಯ ಮನವೊಲಿಸಲಾಯಿತು.’

ಒಂದು ಸುಳ್ಳು ಬರೆದ ಮೇಲೆ ಮುಂದಿನದು ತಾನಾಗಿಯೇ ಬಂತು. ನಾಲ್ಕನೆಯ ಭೇಟಿಯಲ್ಲಿ ಫಕೀರವ್ವ ಗುಳಿಗೆ ನುಂಗಿದಳು, ಏಳನೆಯದರಲ್ಲಿ ತೂಕ ಏರಿತು, ಹನ್ನೆರಡನೆಯದರಲ್ಲಿ ನಕ್ಕಳು. ಎಲ್ಲವೂ ಅದೇ ಕ್ಯಾಂಟೀನಿನ ಮೇಜಿನ ಮೇಲೆ. ನಾನು ಕಾಗದ, ಬೇಡ ಎನ್ನಲು ಬಾಯಿಲ್ಲ. ಆರೋಗ್ಯ ಕೇಂದ್ರದವರು, ಕಾಲೇಜಿನ ಹುಡುಗಿ ನೋಡಿಕೊಳ್ಳುತ್ತಾಳಲ್ಲ ಎಂದು ಆ ಮನೆಯ ಕಡೆ ತಲೆಹಾಕಲಿಲ್ಲ.

ಮೇಷ್ಟ್ರು ಮಾಳಗಿ ಸರ್ ಹನ್ನೆರಡೂ ಪುಟಕ್ಕೆ ಸಹಿ ಹಾಕಿದರು. ಅಷ್ಟೇ ಆಗಿದ್ದರೆ ನಾನು ಮೂಲೆ ಸೇರುತ್ತಿದ್ದೆ. ಅವರು ನನ್ನನ್ನು ಕಿರಿಯರ ತರಗತಿಯಲ್ಲಿ ಎತ್ತಿ ಹಿಡಿದು, “ಕ್ಷೇತ್ರಕಾರ್ಯ ಅಂದ್ರ ಹಿಂಗಿರಬೇಕು” ಎಂದರು. ಸರ್ ಕರೆಸಿದ್ದರಿಂದ ಹಿಂದಿನ ಬೆಂಚಿನಲ್ಲಿ ಕೂತಿದ್ದ ಸುವರ್ಣಾ ತಲೆ ತಗ್ಗಿಸಿದಳು. ಅದನ್ನು ವಿನಯವೆಂದು ತಿಳಿದ ಸರ್, ಅನಸೂಯಾ ಎಂಬ ಕಿರಿಯ ಹುಡುಗಿಯ ಕೈಗೆ ನನ್ನನ್ನು ಕೊಟ್ಟು, “ಸುವರ್ಣಾ, ಈಕೀನ್ನ ಫಕೀರವ್ವನ ಮನೀಗೆ ಕರ್ಕೊಂಡು ಹೋಗು” ಎಂದುಬಿಟ್ಟರು.

ಫಕೀರವ್ವ ಬಾಗಿಲ ಮುಂದೆ ಗೋಣಿತಟ್ಟಿನ ಮೇಲೆ ಕೂತಿದ್ದಳು. ಮೂಳೆಗೆ ಚರ್ಮ ಹೊದಿಸಿದಂತಿದ್ದಳು. ಅನಸೂಯಾ ನನ್ನನ್ನೊಮ್ಮೆ, ಅವಳನ್ನೊಮ್ಮೆ ನೋಡಿದಳು.

“ಯವ್ವಾ, ಈ ಪುಸ್ತಕದಾಗ ನಿಮ್ಮ ಸುದ್ದಿ ಐತಿ. ಅಕ್ಕಾರು ವಾರಾ ವಾರಾ ಬರ್ತಿದ್ರಂತ, ಹೌದ?”

ಫಕೀರವ್ವ ಉತ್ತರ ಕೊಡುವ ಮೊದಲು ಸುವರ್ಣಾಳ ಮುಖ ನೋಡಿದಳು. ಓದು ಬಾರದವಳು, ಆದರೆ ಆ ಮುಖದಲ್ಲಿದ್ದುದು ಅವಳಿಗೆ ಓದಲು ಬಂತು.

“ಹೌದವ್ವಾ, ವಾರಾ ವಾರಾ ಬಂದಾಳ. ಈಕಿ ಪಾಪ ಭಾಳ ಹೇಳಿದ್ಳು. ನಾನ ಗುಳಿಗಿ ಬಿಟ್ಟಾಕಿ. ತಪ್ಪೆಲ್ಲಾ ನಂದ ಐತಿ.”

ನನ್ನೊಳಗಿದ್ದ ಹತ್ತು ಸುಳ್ಳುಗಳ ಮೇಲೆ ಹನ್ನೊಂದನೆಯದನ್ನು, ಹುಡುಗಿಯ ಮಾನ ಕಾಯಲೆಂದು, ಆ ಸಾಯುತ್ತಿರುವ ಹೆಂಗಸು ಹೇಳಿದಳು.

ಸುವರ್ಣಾ ಗೋಣಿತಟ್ಟಿನ ಅಂಚಿನಲ್ಲಿ ಕುಸಿದು ಕೂತಳು. “ಇಲ್ಲ ಅನಸೂಯಾ. ನಾ ಎರಡ ಸಲ ಬಂದೀನಿ. ಉಳಿದದ್ದೆಲ್ಲಾ ಕ್ಯಾಂಟೀನಿನ್ಯಾಗ ಕೂತು ಬರದದ್ದು. ಈಕಿ ಕೆಮ್ಮಿಗೆ ಹೆದರಿದ್ನಿ.”

“ಹೆದರಿಕಿ ಎಲ್ಲಾರ್ಗೂ ಇರ್ತೈತಿ ಬಿಡವ್ವಾ,” ಎಂದಳು ಫಕೀರವ್ವ. ಆಮೇಲೆ ಬೇರೆ ಕಡೆ ನೋಡುತ್ತಾ ಹೇಳಿದಳು: “ಆದ್ರ ನಾ ನಿನ್ನ ದಾರಿ ಕಾದೆ.”

ಆ ಮಧ್ಯಾಹ್ನವೇ ಇಬ್ಬರೂ ಅವಳನ್ನು ಆಟೋದಲ್ಲಿ ಜಿಲ್ಲಾಸ್ಪತ್ರೆಗೆ ಕರೆದೊಯ್ದರು. ಈ ಸಲ ಫಕೀರವ್ವ ಕೆಮ್ಮಿದಾಗ ಸುವರ್ಣಾ ಮುಖ ತಿರುಗಿಸಲಿಲ್ಲ. ಮರುದಿನ ನನ್ನನ್ನು ಮಾಳಗಿ ಸರ್ ಮೇಜಿನ ಮೇಲಿಟ್ಟು ಎಲ್ಲ ಹೇಳಿದಳು. ಅವರು ಬೈಯಲೆಂದು ಬಾಯಿ ತೆರೆದರು. ಪುಟ ತಿರುವುತ್ತಾ ತಿರುವುತ್ತಾ ಅವರ ದನಿ ಇಳಿಯಿತು. “ಸಹಿ ನಂದೂ ಐತಿ,” ಎಂದರು.

ಸುವರ್ಣಾ ನನ್ನ ಹತ್ತು ಪುಟಗಳ ಮೇಲೆ ಅಡ್ಡಗೆರೆ ಎಳೆದು ಕೆಳಗೆ ತನ್ನ ಹೆಸರು ಬರೆದಳು. ಕ್ಷೇತ್ರಕಾರ್ಯವನ್ನು ಮೊದಲಿನಿಂದ ಮಾಡಬೇಕಾಯಿತು. ಪದವಿ ಒಂದು ವರ್ಷ ಮುಂದಕ್ಕೆ ಹೋಯಿತು. ಅಪ್ಪನಿಗೆ ಕಾರಣ ಹೇಳುವುದೇ ಅವಳಿಗೆ ಎಲ್ಲಕ್ಕಿಂತ ಕಷ್ಟವಾಯಿತಂತೆ. ಫಕೀರವ್ವ ಉಳಿದಳು. ಆದರೆ ಒಂದು ಕಡೆಯ ಶ್ವಾಸಕೋಶ ಕೆಟ್ಟುಹೋಗಿತ್ತು. ಕೂಲಿಗೆ ಹೋಗುವ ಶಕ್ತಿ ಅವಳಿಗೆ ಮರಳಿ ಬರಲಿಲ್ಲ.

ಈಗ ನಾನು ಮಾಳಗಿ ಸರ್ ಮೇಜಿನ ಡ್ರಾಯರಿನಲ್ಲಿದ್ದೇನೆ. ರಟ್ಟಿನ ಮೂಲೆ ಗೆದ್ದಲು ತಿಂದಿದೆ. ಅವರು ನನ್ನನ್ನು ರದ್ದಿಗೆ ಹಾಕುವುದಿಲ್ಲ, ಯಾರಿಗೂ ತೋರಿಸುವುದೂ ಇಲ್ಲ. ಯಾರಾದರೂ ದಿನಚರಿ ತಂದರೆ ಸರ್ ಪೆನ್ನು ತೆಗೆಯುತ್ತಾರೆ. ಸಹಿ ಹಾಕುವ ಮುನ್ನ ತಡೆದು ಕೇಳುತ್ತಾರೆ:

“ಆ ಮನ್ಯಾಗ ನಿನಗ ಕೂಡಾಕ ಏನ ಹಾಸಿದ್ರು?”

ಕೆಲವರು ತಟ್ಟನೆ ಹೇಳುತ್ತಾರೆ. ಕೆಲವರು ಸುಮ್ಮನಾಗುತ್ತಾರೆ. ಆ ಮೌನ ಕೇಳಿಸಿದಾಗಲೆಲ್ಲ ಕತ್ತಲ ಡ್ರಾಯರಿನಲ್ಲಿ ನಾನು ಮೈ ಮುದುಡಿಕೊಳ್ಳುತ್ತೇನೆ.