ಕೈ ಹೋಗುವಷ್ಟು ಸಂದು

ಕಾರಿನ ಗಾಲಿಗೂ ಅದರ ಮೇಲೆ ಬಾಗಿದ ಮಡ್ಗಾರಕ್ಕೂ ನಡುವೆ ಒಂದು ಕೈ ಹೋಗುವಷ್ಟು ಸಂದು ಇರಬೇಕು ಎಂಬುದು ಅಪ್ಪನ ಕಾನೂನು. ಅವನ ಕೈಯಲ್ಲ, ನನ್ನ ಕೈ. ನನಗಾಗ ಏಳು ವರ್ಷ.

ಹತ್ತಿಮತ್ತೂರಿನಲ್ಲಿ ಯಾರದೋ ದನದ ಕೊಟ್ಟಿಗೆಯಲ್ಲಿ, ಕೋಳಿಗಳು ಮೊಟ್ಟೆ ಇಡುತ್ತಿದ್ದ ಎರಡು ಸೀಟಿನ ಹಳೆಯ ವಿಲಾಯತಿ ಕಾರನ್ನು ಅಪ್ಪ ಟ್ರ್ಯಾಕ್ಟರಿನ ಹಿಂದೆ ಕಟ್ಟಿ ಶಿಗ್ಗಾಂವಿಗೆ ಎಳೆದು ತಂದಿದ್ದ. ಹಿಂದಿನ ಮಡ್ಗಾರಗಳನ್ನು ತುಕ್ಕು ತಿಂದು ಮುಗಿಸಿತ್ತು. ಹೊಸ ತಗಡನ್ನು ಮರಳು ತುಂಬಿದ ಚೀಲದ ಮೇಲಿಟ್ಟು ಮರದ ಸುತ್ತಿಗೆಯಿಂದ ಬಡಿಬಡಿದು, ಎರಡು ಮಳೆಗಾಲ ಕಳೆದ ಮೇಲೆ ಅದಕ್ಕೊಂದು ಬಾಗು ಬಂತು. ಒಳಮೈಗೆ ಡಾಂಬರು ಬಳಿಯುವ ಕೆಲಸ ನನ್ನದು. ಬ್ರಷ್ ಹಿಡಿದ ಅಪ್ಪನ ಕೈ ಅಲ್ಲಿ ಹಿಡಿಸುತ್ತಿರಲಿಲ್ಲ. ನಾನು ಬ್ರಷ್ ಬಿಸಾಕಿ ಬೆರಳಿನಿಂದಲೇ ಬಳಿದೆ.

ಅಜ್ಜಿ ಶಿವಬಸವ್ವ ಹೇಳುತ್ತಿದ್ದ ಕತೆಯೊಂದರಲ್ಲಿ ಗಾಳಿಗುದುರೆ ಬರುತ್ತಿತ್ತು. ಅದರ ಕಾಲು ಜೋಳದ ದಂಟಿನಷ್ಟು ಸಣ್ಣ. ಬಿತ್ತಿದ ಹೊಲದ ಮೇಲೆ ಓಡಿದರೂ ಒಂದು ಮೊಳಕೆ ಮುರಿಯುತ್ತಿರಲಿಲ್ಲ. ಸೈಕಲ್ಲಿನಂಥ ತೆಳು ಕಡ್ಡಿಗಾಲಿಯ ನಮ್ಮ ಕೆಂಪು ಕಾರು ಅದೇ ಕುದುರೆ ಎಂದು ನಾನು ನಂಬಿದ್ದೆ. ಈಗಲೂ ಪೂರ್ತಿ ಬಿಟ್ಟಿಲ್ಲ. ಅಜ್ಜಿಯ ಕತೆಗೆ ಒಂದೇ ಷರತ್ತು: ಕೇಳುವವರು ಹೂಂಗುಟ್ಟಬೇಕು. “ನೀ ಹೂಂ ಅನ್ನಲಿಲ್ಲಂದ್ರ ಕುದುರಿ ಅಲ್ಲೇ ನಿಂತಬಿಡ್ತೈತಿ ನೋಡ” ಎನ್ನುತ್ತಿದ್ದಳು. ನನಗೆ ನಿದ್ದೆ ಹತ್ತಿದರೆ ಕಟ್ಟೆಯ ಮೇಲೆ ಕೂತ ಅಪ್ಪ ನನ್ನ ಪರವಾಗಿ ಹೂಂ ಅನ್ನುತ್ತಿದ್ದನಂತೆ. ಕುದುರೆ ಊರು ಮುಟ್ಟುತ್ತಿತ್ತು.

ಎಂಟು ತಿಂಗಳ ಹಿಂದೆ ಅಪ್ಪನಿಗೆ ಲಕ್ವಾ ಹೊಡೆಯಿತು. ಬಲಗೈ ಹೋಯಿತು, ಮಾತು ಹೋಯಿತು. ಉಳಿದದ್ದು ಅದೊಂದೇ, ಹೂಂ. ಚಹಾ ಬೇಕೇ ಎಂದರೂ ಹೂಂ, ನೋಯುತ್ತಿದೆಯೇ ಎಂದರೂ ಹೂಂ. ಎಲ್ಲವೂ ತಿಳಿಯುತ್ತದೆ, ಹೊರಗೆ ಬರಲು ದಾರಿಯಿಲ್ಲ ಎಂದರು ಡಾಕ್ಟರು.

ಅಣ್ಣ ಸುದೀಪನ ಮದುವೆ ಹಾನಗಲ್ಲಿನಲ್ಲಿ, ಇನ್ನು ಹನ್ನೊಂದು ದಿನಕ್ಕೆ. ಮೆರವಣಿಗೆಯಲ್ಲಿ ಅಪ್ಪನನ್ನು ಪಕ್ಕಕ್ಕೆ ಕೂರಿಸಿಕೊಂಡು ಆ ಕಾರನ್ನು ತಾನೇ ನಡೆಸಬೇಕೆಂದು ಅವನ ಆಸೆ. ಕೆಟ್ಟ ಆಸೆಯೇನಲ್ಲ. ಈ ಎಂಟು ತಿಂಗಳೂ ಅಪ್ಪನಿಗೆ ಜಳಕ ಮಾಡಿಸಿದವನು ಅವನೇ. ಗಾಲಿಯ ಕಡ್ಡಿಗಳು ಮುರಿದದ್ದೂ ನಿಜ. ಅವನ್ನು ಬಿಗಿದು ಗಾಲಿ ಓಲಾಡದಂತೆ ಮಾಡುವ ವಿದ್ಯೆ ಅಪ್ಪನ ಬಲಗೈಯಲ್ಲಿತ್ತು. ಆದರೆ ಅಣ್ಣ ತರಿಸಿದ್ದು ಮೊದಲಿನ ಅಳತೆಯವಲ್ಲ. ಅಗಲವಾದ, ಮುಖ ಕಾಣುವಷ್ಟು ಹೊಳೆಯುವ ಗಾಲಿಗಳು, ಅವಕ್ಕೆ ಎಮ್ಮೆಯ ಕುತ್ತಿಗೆಯಂಥ ಟಾಯರು.

ಸವಣೂರಿನ ಶಾಹಬಾಜನ ಗ್ಯಾರೇಜಿಗೆ ಅಪ್ಪನನ್ನೂ ಕರೆದೊಯ್ದೆವು. ಶಾಹಬಾಜ ಕೆಲಸ ಕಲಿತದ್ದು ಅಪ್ಪನ ಹತ್ತಿರವೇ. ಬೇವಿನ ಮರದ ಕೆಳಗೆ ಕುರ್ಚಿ ಹಾಕಿ, ತಾನೇ ಚಹಾ ಕುಡಿಸಿ, ಆಮೇಲೆ ಕೆಲಸ ಹಿಡಿದ. ಜಾಕ್ ಮೇಲೆ ಎತ್ತಿದ್ದಾಗ ಹೊಸ ಗಾಲಿ ಸರಾಗ ತಿರುಗಿತು. ಕೆಳಗಿಳಿಸಿ, ನಾನೂ ಅಣ್ಣನೂ ಕೂತು ಹತ್ತು ಮಾರು ಹೋದೆವೋ ಇಲ್ಲವೋ, ಹಿಂದಿನಿಂದ ಕರ್ರ್ ಎಂದಿತು.

“ತಿಕ್ಕಾಕತ್ತೈತಿ,” ಎಂದ ಶಾಹಬಾಜ, ನೆಲಕ್ಕೆ ಒರಗಿ ಒಳಗೆ ಬ್ಯಾಟರಿ ಬಿಟ್ಟು. “ಖಾಲಿ ಇದ್ದಾಗ ಏನಿಲ್ಲ. ಇಬ್ರು ಕುಂತ್ರ ಗಾಡಿ ಕೆಳಗ ಕುಂದರ್ತೈತಿ, ಟಾಯರ್ ಮಡ್ಗಾರದ ಅಂಚಿಗೆ ಹತ್ತತೈತಿ. ಒಂದ ಗುಂಡ್ಯಾಗ ಇಳದ್ರ ಹರದ ಹೋಗ್ತೈತಿ ನೋಡ.”

“ಅಂಚು ಬಡದು ಒಳಗ ಮಡಚಾಕ ಬರೂದಿಲ್ಲೇನ ಭಾಯ್?”

“ಇದು ಕಂಪನಿ ತಗಡಲ್ಲೋ ಸುದೀಪ. ಕಾಕಾ ಕೈಲೆ ಬಡದದ್ದು. ಅಂಚಿನಾಗ ತಂತಿ ಇಟ್ಟ ಮಡಚ್ಯಾರ, ಗಟ್ಟಿ ನಿಲ್ಲಲಿ ಅಂತ. ಬಡದ್ರ ಮ್ಯಾಲಿನ ಬಾಗೆಲ್ಲಾ ಸೊಟ್ಟ ಆಕ್ಕೈತಿ. ಕೊಯ್ದ ತಗೀಬೇಕು. ಇಲ್ಲಾಂದ್ರ ಸಣ್ಣ ಅಳತಿ ಗಾಲಿ ತರಸು.”

“ಸಣ್ಣವ ತರಸೋಣಣ್ಣಾ,” ಎಂದೆ.

“ಹನ್ನೊಂದ ದಿನದಾಗ? ಇವು ಬರಾಕ ನಲವತ್ತ ದಿನ ಹಿಡದಾವ. ನಿನ್ನ ಗಾಳಿಗುದುರಿ ಹೊತ್ತ ತರ್ತೈತೇನ ಅಂಕಿತಾ?”

ಶಾಹಬಾಜ ಕೈ ಒರೆಸಿಕೊಂಡ. “ನಾ ಅಂತೂ ಸುಮ್ಮ ಕೊಯ್ಯಂಗಿಲ್ಲ. ಕಾಕಾ ಒಮ್ಮೆ ಹೂಂ ಅನ್ಲಿ.”

ಅಂದ ಮೇಲೆ ಅವನಿಗೇ ನಾಲಗೆ ಕಚ್ಚಿಕೊಳ್ಳುವಂತಾಯಿತು. ಅಷ್ಟರಲ್ಲಿ ಅಣ್ಣ ಕುರ್ಚಿಯ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದ.

“ಅಪ್ಪಾ, ಮಡ್ಗಾರದ ಅಂಚು ಒಂದ ಬೆರಳಷ್ಟ ತಗೀತೇವಿ. ತಗೀಲೇನು?”

“ಹೂಂ.”

ನಾನು ಓಡಿಹೋಗಿ ಅಪ್ಪನ ಮೊಣಕಾಲು ಹಿಡಿದೆ. “ಅಪ್ಪಾ, ಕೊಯ್ಯೂದು ಬ್ಯಾಡ, ಹೌದಲ್ಲೋ? ನಿನಗ ಇದು ಬ್ಯಾಡಲ್ಲಾ?”

“ಹೂಂ.”

“ನೋಡ ಭಾಯ್, ಇಬ್ಬರಿಗೂ ಓಟ್ ಹಾಕಿದ,” ಎಂದು ಅಣ್ಣ ನಕ್ಕ. ನಗು ಅರ್ಧಕ್ಕೇ ನಿಂತಿತು.

ನಾನು ಬಿಡಲಿಲ್ಲ. “ಬ್ಯಾಡ ಅಂದ್ರ ಎಡಗೈ ಎತ್ತಪಾ.”

ಅಪ್ಪ ಎಡಗೈ ಎತ್ತಿದ. ನಾನು ಅಣ್ಣನ ಕಡೆ ತಿರುಗಿ “ನೋಡು! ನೋಡು!” ಎಂದು ಕೂಗಿದೆ.

“ತಡೀ. ಬೇಕು ಅಂದ್ರ ಎಡಗೈ ಎತ್ತಪಾ,” ಎಂದ ಅಣ್ಣ.

ಎತ್ತಿದ ಕೈ ಹಾಗೆಯೇ ಇತ್ತು. ಇಳಿಸಲು ಅಪ್ಪ ಹೆಣಗುತ್ತಿದ್ದನೋ ಏನೋ, ಹಣೆಯ ಮೇಲೆ ಬೆವರು ಬಂತು. ಇಳಿಯಲಿಲ್ಲ. ಕೊನೆಗೆ ಅಣ್ಣನೇ ಆ ಕೈಯನ್ನು ಮೆಲ್ಲಗೆ ಹಿಡಿದು ತೊಡೆಯ ಮೇಲಿಟ್ಟ.

“ಅಪ್ಪನ್ನ ಇದರಾಗ ಕುಂದರ್ಸಿಕೊಂಡು ಹೋಗಬೇಕಂತ ನಾ ಮಾಡಾಕತ್ತೇನಿ,” ಎಂದ ನನಗೆ. ಕಣ್ಣು ಕೆಂಪಾಗಿದ್ದವು. “ನನಗೇನ ಖುಷಿ ಐತೇನ ಕೊಯ್ಯಾಕ?”

ನಾನು ಅಪ್ಪನ ಕಡೆ ತಿರುಗಿದೆ. ಅಪ್ಪನ ಕಣ್ಣಲ್ಲಿ ಏನೋ ಇತ್ತು. ಅದನ್ನು ಅಳೆದು ತೋರಿಸುವ ಕೋಲು ಯಾವ ಗ್ಯಾರೇಜಿನಲ್ಲೂ ಇಲ್ಲ.

“ತಂಗೀ, ಆ ಒದ್ದಿ ಗೋಣಿ ಒಂದಿಷ್ಟ ಹಿಡಿ. ಕಿಡಿ ಬಣ್ಣದ ಮ್ಯಾಲೆ ಬೀಳಬಾರ್ದು,” ಎಂದ ಶಾಹಬಾಜ, ನನ್ನ ಮುಖ ನೋಡದೆ.

ಹಿಡಿದೆ. ಬ್ಯಾಡ ಎಂದವಳೇ ಗೋಣಿ ಹಿಡಿದು ನಿಂತೆ. ಗ್ರೈಂಡರ್ ಕಿರುಚಿತು. ಅದರ ಸದ್ದಿನಲ್ಲಿ ಅಪ್ಪ ಏನಾದರೂ ಅಂದನೇ ಎಂದು ಕಿವಿಗೊಟ್ಟೆ, ಕಿಡಿಯ ಆಚೆಗೆ ಅವನ ಬಾಯಿ ಕಾಣಲಿಲ್ಲ. ಸ್ವಲ್ಪ ಹೊತ್ತಿಗೆ ತಗಡಿನ ಉದ್ದ ಪಟ್ಟಿಯೊಂದು ನೆಲಕ್ಕೆ ಬಿದ್ದು ಸುರುಳಿಯಾಯಿತು. ಮೇಲ್ಮೈ ಕೆಂಪು. ಒಳಮೈ ಕಪ್ಪು, ಅದರ ಮೇಲೆ ಸಣ್ಣಸಣ್ಣ ಬೆರಳು ಎಳೆದ ಗೆರೆಗಳು. ಎತ್ತಿಕೊಳ್ಳಲು ಹೋದೆ. ಸುಟ್ಟಿತು, ಬಿಟ್ಟುಬಿಟ್ಟೆ. ಇನ್ನೊಂದು ಬದಿಯದನ್ನು ಕೊಯ್ಯುವಾಗ ನಾನು ನೆಲ ನೋಡಲಿಲ್ಲ.

ಕೆಲಸ ಮುಗಿದು ಜಾಕ್ ಇಳಿಸಿದರು. ಕಾರು ತೋಳು ಬೀಸಿ ನಿಂತ ಪೈಲವಾನನಂತೆ ಕಂಡಿತು. ಶಾಹಬಾಜ ಮಡ್ಗಾರವನ್ನು ತಟ್ಟಿದ. ತಂತಿ ಕಳಕೊಂಡ ತಗಡು ಕಾಗದದ ಹಾಗೆ ಅದುರಿತು. ಅವನು ಮತ್ತೆ ತಟ್ಟಲಿಲ್ಲ.

ಅಣ್ಣ ಅಪ್ಪನನ್ನು ಸೊಂಟ ಹಿಡಿದು ನಡೆಸಿಕೊಂಡು ಗಾಲಿಯ ಹತ್ತಿರ ತಂದ. ಅಪ್ಪನ ಎಡಗೈ ತಾನಾಗಿ ಮುಂದೆ ಹೋಯಿತು. ಟಾಯರಿಗೂ ಮಡ್ಗಾರಕ್ಕೂ ನಡುವೆ ತುದಿಬೆರಳು ಇಟ್ಟು ಒಳಗೆ ತಳ್ಳಿದ. ಉಗುರಿನಷ್ಟು ಹೋಗಿ ನಿಂತಿತು. ಇನ್ನೊಮ್ಮೆ ತಳ್ಳಿದ.

“ಹೆಂಗಾಗೈತಪಾ? ಚಲೋ ಆತಲ್ಲಾ?” ಎಂದ ಅಣ್ಣ.

ಅಪ್ಪ ಮತ್ತೂ ಒಮ್ಮೆ ತಳ್ಳಿದ.

“ಅಪ್ಪಾ?”

ಎಂಟು ತಿಂಗಳಲ್ಲಿ ಮೊದಲ ಸಲ ಅವನು ಹೂಂ ಅನ್ನಲಿಲ್ಲ. ಬೆರಳು ಅಲ್ಲೇ ಇತ್ತು. ಪಟ್ಟಿಗಳು ನೆಲದ ಮೇಲೆ ತಣ್ಣಗಾಗುತ್ತಿದ್ದವು. ಶಾಹಬಾಜ ಗೋಡೆಯ ಕಡೆ ತಿರುಗಿ ಸ್ಪ್ಯಾನರ್ ಜೋಡಿಸತೊಡಗಿದ.

“ಹೂಂ ಅನ್ನಪಾ,” ಎಂದ ಅಣ್ಣ. ಹನ್ನೊಂದು ದಿನಕ್ಕೆ ಮದುಮಗನಾಗುವವನ ದನಿ ಚಿಕ್ಕ ಹುಡುಗನದಾಗಿತ್ತು. “ಒಮ್ಮೆ ಅನ್ನಪಾ.”

ಅಪ್ಪ ನನ್ನತ್ತ ನೋಡಿದ. ಅಣ್ಣನೂ ನನ್ನತ್ತ ನೋಡಿದ.

“ಹೂಂ,” ಎಂದೆ ನಾನು, ಅಪ್ಪನ ಪರವಾಗಿ.