ನಾಗನೂರಿನ ಹೆಸರಿನ ಮಳೆ

ಹೆಣ ಬಲಕ್ಕೆ ವಾಲಿತು. ಗೋಡೆಯ ಗೂಟಕ್ಕೆ ಕಟ್ಟಿದ ಪಟ್ಟಿಯನ್ನು ಕಾಶೆವ್ವನ ತಮ್ಮ ಅಲ್ಲಪ್ಪ ಮತ್ತೆ ಬಿಗಿದ. ಕೂತ ಗಂಡನ ಹಣೆಗೆ ಕಾಶೆವ್ವ ವಿಭೂತಿ ತೀಡಿದಳು. ಭಜನೆಗೆ ಬಂದವರು ಇಬ್ಬರೇ. ಉಳಿದ ಊರೆಲ್ಲ ಓಣಿಯ ಕಟ್ಟೆಯ ಮೇಲೆ ಕೂತು, ಹೋಗಬೇಕೋ ಬೇಡವೋ ಎಂದು ಪರಪ್ಪನ ಬಾಗಿಲನ್ನೇ ನೋಡುತ್ತಿತ್ತು.

ಪರಪ್ಪ ಸತ್ತ ರಾಚಪ್ಪನ ಒಡಹುಟ್ಟಿದ ಅಣ್ಣ. ಐದು ವರ್ಷಗಳಿಂದ ತಮ್ಮನ ಹೊಸ್ತಿಲು ತುಳಿದಿರಲಿಲ್ಲ. ಅವನು ಬಂದು ಮಣ್ಣು ಕೊಡದಿದ್ದರೆ ಊರೂ ಕೊಡುವುದಿಲ್ಲ. ಊರ ಬಸವಣ್ಣನ ಗುಡಿಯ ನೆರಳಲ್ಲಿ ಬಾಳಿದವನು ಪರದೇಶಿಯ ಹಾಗೆ ಮಣ್ಣಿಗೆ ಹೋಗಬೇಕು.

"ಹೋಗಿ ಭಾವಾರ ಕಾಲ ಹಿಡಿ" ಎಂದಳು ಕಾಶೆವ್ವ ಅಲ್ಲಪ್ಪನಿಗೆ.

"ಒದೀತಾನಬೇ ಅಕ್ಕಾ, ಅಂವ."

"ಒದಸ್ಕೊ. ಇವತ್ತೊಂದ ದಿನಾ."

*

ಮಳೆ ಅಳೆಯುವ ಡಬ್ಬಿ ಮೊದಲು ಊರ ಚಾವಡಿಯ ಮುಂದೆಯೇ ಇತ್ತು. ದಿನಾ ಮುಂಜಾನೆ ಎಂಟಕ್ಕೆ ರಾಚಪ್ಪ ಅದರ ನೀರನ್ನು ಗಾಜಿನ ಅಳತೆಗೆ ಸುರಿದು, ನಾಗನೂರು ಎಂಬ ಹೆಸರಿನ ಮುಂದೆ ಅಂಕಿ ಬರೆದು ಕಳಿಸುತ್ತಿದ್ದ. ಎಮ್ಮೆಗಳು ಕೆಡವುತ್ತವೆಂದು ಮೇಲಿನವರು ಡಬ್ಬಿಯನ್ನು ಒಂದು ಹರದಾರಿ ಆಚೆ, ಅರಭಾವಿ ದಾರಿಯ ಸರಕಾರಿ ಬಂಗಲೆಯ ಬೇಲಿಯೊಳಗೆ ನೆಡಿಸಿದರು. ಡಬ್ಬಿ ಹೋಯಿತು, ಹೆಸರು ಉಳಿಯಿತು. ಅದು ಎಲ್ಲಿದೆ ಎಂದು ಬರೆಯಲು ಕಾಗದದಲ್ಲಿ ಜಾಗವೇ ಇರಲಿಲ್ಲ. ಒಮ್ಮೆ ರಾಚಪ್ಪ ಅಂಚಿನಲ್ಲಿ ಬಂಗಲೆ ಎಂದು ಬರೆದ. ಕಚೇರಿಯ ಕಾರಕೂನ ಅವನನ್ನು ಕರೆಸಿಕೊಂಡು, ಹೆಸರು ಬದಲಾದರೆ ಹಳೆಯ ವರ್ಷಗಳ ಮಳೆಗೂ ಹೊಸ ಮಳೆಗೂ ನಂಟು ಕಡಿಯುತ್ತದೆ, ಹೇಳಿದಷ್ಟು ಬರೆ ಎಂದು ಗದರಿಸಿದ.

ಆ ವರ್ಷ ಹುಬ್ಬಿ ನಕ್ಷತ್ರದ ಮಳೆ ಬಂಗಲೆಯ ಮೇಲೆ ಧೋ ಎಂದು ಸುರಿಯಿತು. ಎತ್ತಿನ ಒಂದು ಕೋಡು ತೊಯಿಸಿ ಇನ್ನೊಂದನ್ನು ಬಿಡುವ ಮಳೆ ಅದು. ನಾಗನೂರಿನ ಹೊಲಗಳಲ್ಲಿ ಧೂಳು ಸಹ ಅಡಗಲಿಲ್ಲ. ಕಂದಾಯ ಬಿಡಿರೆಂದು ಊರವರು ಕೇಳಿದಾಗ, ನಾಗನೂರಿನಲ್ಲಿ ಬೇಕಾದಷ್ಟು ಮಳೆಯಾಗಿದೆಯಲ್ಲ ಎಂದು ಕಚೇರಿಯವರು ಅಂಕಿ ತೋರಿಸಿದರು. ವಿಚಾರಣೆಗೆ ಸಾಹೇಬ ಬಂದು ಹೋದ ಮೇಲೆ ಪರಪ್ಪ ಕಂದಾಯ ಕಟ್ಟಲು ಎತ್ತು ಮಾರಿದ, ತಮ್ಮನ ಮನೆಗೆ ಬರುವುದನ್ನು ಬಿಟ್ಟ. ಡಬ್ಬಿ ಊರಲ್ಲಿಲ್ಲ, ಬಂಗಲೆಯಲ್ಲಿದೆ ಎಂದು ಸಾಹೇಬರಿಗೆ ಬಿಡಿಸಿ ಹೇಳಿದೆ, ಕೇಳಲಿಲ್ಲ ಎಂದು ರಾಚಪ್ಪ ಅಂದು ಹೆಂಡತಿಯ ಮುಂದೆ ಕಣ್ಣೊರೆಸಿಕೊಂಡಿದ್ದ.

*

ಪರಪ್ಪ ಒದೆಯಲಿಲ್ಲ. ತಲೆಗೆ ಪಟಕಾ ಸುತ್ತಿಕೊಂಡು ಬಂದ. ಅವನ ಹಿಂದೆ ಊರೂ ಬಂತು. ಹೆಗಲು ಕೊಡುವವರಿಗೆ ಬರವಾಗಲಿಲ್ಲ. ನಡೆಯುತ್ತಾ ಯಾರೋ, ಮಳಿ ಮನಷ್ಯಾನ ಮಣ್ಣಿಗೆ ಬಿಸಿಲ ಬಿದ್ದೈತಿ ನೋಡ ಎಂದು ನಕ್ಕರು. ಕಾಶೆವ್ವನಿಗೆ ಆ ನಗೆಯೂ ಹಿತವಾಯಿತು. ಊರು ತನ್ನವನನ್ನು ಆಡಿಕೊಳ್ಳುವಷ್ಟಾದರೂ ಹತ್ತಿರ ಬಂದಿತ್ತಲ್ಲ.

ರಾಚಪ್ಪನನ್ನು ಕುಣಿಯೊಳಗೆ ಕೂಡಿಸಿ, ಪತ್ರಿ ಏರಿಸಿ ಅಯ್ಯನವರು ಹಿರಿಯನನ್ನು ಕರೆದರು. ಪರಪ್ಪ ಬಾಗಿ ಹಿಡಿ ಮಣ್ಣು ತೆಗೆದುಕೊಂಡ. ಉಳಿದವರೂ ತೆಗೆದುಕೊಂಡು ಅವನ ಕೈಯನ್ನೇ ನೋಡುತ್ತ ನಿಂತರು. ಆ ಕೈ ಹಾಗೇ ನಿಂತಿತು. ಕಾಶೆವ್ವನಿಗೆ ತಡೆಯಲಾಗಲಿಲ್ಲ.

"ಸಿಟ್ಟ ಬಿಡ್ರಿ ಭಾವಾ. ಅವರು ಸಾಹೇಬರ ಮುಂದ ಖರೇನ ಹೇಳಿದ್ರು. ಕಚೇರಿಯವರು ಕೇಳಲಿಲ್ಲ."

ಪರಪ್ಪ ಅವಳ ಕಡೆ ತಿರುಗಿದ. ಮುಖದಲ್ಲಿ ಸಿಟ್ಟಿರಲಿಲ್ಲ.

"ನಿನಗ ಹಂಗ ಹೇಳಿದ್ನೇನು?"

ಅವಳು ಹೌದೆಂದು ತಲೆಯಾಡಿಸಿದಳು.

"ನಾ ಅಲ್ಲೇ ಬಾಜೂಕ ನಿಂತಿದ್ನೆವ್ವಾ. ಡಬ್ಬಿ ಊರಾಗ ಐತೇನಪಾ ಅಂತ ಸಾಹೇಬ ಕೇಳಿದ. ಇಂವ ನನ್ನ ಮಾರಿ ನೋಡಿದ. ನೋಡಿ, ಹೌದ್ರಿ ಅಂದ."

ಅಯ್ಯನವರು ಗಂಟೆ ಬಾರಿಸುವುದನ್ನು ನಿಲ್ಲಿಸಿದರು. ಕುಣಿಯೊಳಗೆ ರಾಚಪ್ಪ ಕಣ್ಣು ಮುಚ್ಚಿ, ಅಂಗೈಯಲ್ಲಿ ಲಿಂಗ ಹಿಡಿದು ಕೂತಿದ್ದ. ಕಾಶೆವ್ವ ಅವನನ್ನು ನೋಡಿದಳು. ಭಾವನಿಗೆ ದಾರಿ ಬಿಟ್ಟು ಪಕ್ಕಕ್ಕೆ ಸರಿದಳು.

ಪರಪ್ಪ ಮಣ್ಣಿನ ಮುಷ್ಟಿ ಬಿಚ್ಚದೆ ಹೊಲದ ಬದು ದಾಟಿದ. ಅವನ ಹಿಂದೆ ಒಬ್ಬೊಬ್ಬರಾಗಿ ಊರು ನಡೆಯಿತು. ಕುಣಿಯ ಅಂಚಿನಿಂದ ಬಂಡಿದಾರಿಯವರೆಗೂ, ಅವರ ಬೆರಳ ಸಂದಿನಿಂದ ಸೋರಿದ ಕರಿಮಣ್ಣು ಗೆರೆಗೆರೆಯಾಗಿ ಬಿದ್ದಿತ್ತು.