ಚಂದ್ರಕ್ಕನಿಗೆ ಮುಟ್ಟದ ಸುದ್ದಿ

ಓಬವ್ವ ಸತ್ತ ಚಂದ್ರಕ್ಕನ ಎಡಗೈಯನ್ನು ಮಣೆಯ ಮೇಲಿಟ್ಟು ಗುಂಡುಕಲ್ಲು ಎತ್ತುವುದಕ್ಕೂ ಮಗಳು ಜಯಶೀಲಾ ನಡುವೆ ತನ್ನ ಕೈ ತೂರಿಸುವುದಕ್ಕೂ ಸರಿಹೋಯಿತು.

"ಕೈ ತಗಿಯೇ ಜಯಾ. ಬೆರಳು ಜಜ್ಜಿಹೋದಾವು."

"ಹೋಗ್ಲಿ. ಅವ್ವನ ಬಳೆಗೆ ಮಾತ್ರ ಕಲ್ಲು ಮುಟ್ಟಿಸಬ್ಯಾಡ."

ಓಬವ್ವ ಕಲ್ಲನ್ನು ಮಡಿಲಿಗೆ ಇಳಿಸಿಕೊಂಡು ಬಾಗಿಲ ಕಡೆ ನೋಡಿದಳು. ಅವಳೇನೂ ಕೆಟ್ಟ ಹೆಂಗಸಲ್ಲ. ನಲವತ್ತು ವರ್ಷದಿಂದ ಮದಕರಿಪುರದಲ್ಲಿ ಸತ್ತ ಹೆಂಗಸರಿಗೆಲ್ಲ ಕೊನೆಯ ನೀರು ಹಾಕಿ, ಸೀರೆ ಉಡಿಸಿ ಕಳಿಸಿದವಳು. ಮುತ್ತೈದೆಯೋ ವಿಧವೆಯೋ ಎಂದು ಮನೆಯ ಹಿರಿಯರನ್ನು ಕೇಳುತ್ತಾಳೆ, ಅವರು ಹೇಳಿದಂತೆ ಮಾಡುತ್ತಾಳೆ. ಇವತ್ತು ಕೇಳಿದಾಗ ಅಂಗಳದ ಶಾಮಿಯಾನದ ಕೆಳಗೆ ಕುಳಿತಿದ್ದ ಕಾಟಪ್ಪ ತಲೆಯೆತ್ತದೆ, "ಬಿಳಿ ಸೀರೆ" ಎಂದಿದ್ದ. ಕಾಟಪ್ಪ ಎಂದರೆ ಚಂದ್ರಕ್ಕನ ಮೈದುನ, ಜಯಶೀಲಾಳ ಚಿಕ್ಕಪ್ಪ. ಈಗ ಈ ಮನೆಯಲ್ಲಿ ಉಳಿದಿರುವ ಹಿರಿಯ ಎಂದರೆ ಅವನೇ.

ಚಂದ್ರಕ್ಕನ ಗಂಡ ಕರಿಸಿದ್ದಪ್ಪ ಇಪ್ಪತ್ತಾರು ವರ್ಷದ ಹಿಂದೆ ಒಂದು ಬೆಳಿಗ್ಗೆ ಹತ್ತು ಕಂಬಳಿ ಹೆಗಲಿಗೇರಿಸಿಕೊಂಡು ಮಾರಿ ಬರುತ್ತೇನೆಂದು ಬಸ್ಸು ಹತ್ತಿದವನು ಮತ್ತೆ ಬರಲಿಲ್ಲ. ಆಗ ಜಯಶೀಲಾಳಿಗೆ ಹದಿನಾಲ್ಕು. ತಮ್ಮ ಕಾಟಪ್ಪ ಅಣ್ಣನ ಫೋಟೊ ಹಿಡಿದು ಬಳ್ಳಾರಿ, ರಾಯದುರ್ಗ, ಅನಂತಪುರ ಅಂತ ಎರಡು ವರ್ಷ ತಿರುಗಿದ. ಹನ್ನೆರಡು ವರ್ಷ ತುಂಬಿದ ಮೇಲೆ, ನೀರು ಬಿಡುವವರಿಲ್ಲದೆ ಅಣ್ಣನ ಜೀವ ಅಲೆಯುತ್ತಿದೆ ಎಂದು ಹುಲ್ಲಿನ ಬೊಂಬೆಗೆ ಅಣ್ಣನ ಅಂಗಿ ತೊಡಿಸಿ, ಸುಟ್ಟು, ಊರಿಗೆಲ್ಲ ತಿಥಿಯ ಊಟ ಹಾಕಿದ. ಚಂದ್ರಕ್ಕ ಅವತ್ತು ಕಂಬಳಿ ನೇಯುವ ಮಗ್ಗದ ಗುಂಡಿಯಿಂದ ಮೇಲೇಳಲಿಲ್ಲ. ಪಂಕ್ತಿಯಲ್ಲಿ ಕೂತವರಿಗೆ ಪಲ್ಯದ ಜೊತೆಗೆ ಮಗ್ಗದ ಸದ್ದನ್ನೂ ಬಡಿಸಿದಳು ಅಂತ ಊರಿನವರು ಇವತ್ತಿಗೂ ಆಡಿಕೊಳ್ಳುತ್ತಾರೆ. ಬಳೆ ತೆಗೆಯಲಿಲ್ಲ, ಕುಂಕುಮ ಅಳಿಸಲಿಲ್ಲ, ಮೈದುನನ ಜೊತೆ ಮಾತು ಬಿಟ್ಟಳು.

ಊರು ಅವಳನ್ನು ಹೇಗೆ ನಡೆಸಿಕೊಳ್ಳಬೇಕೆಂದು ತಿಳಿಯದೆ ಹದಿನಾಲ್ಕು ವರ್ಷ ಜಾರಿಕೊಂಡೇ ಬಂತು. ಮದುವೆಗೆ ಕರೆಯುತ್ತಿದ್ದರು. ಅರಿಶಿನ ಕುಂಕುಮದ ತಟ್ಟೆ ಮಾತ್ರ ಅವಳ ಹತ್ತಿರ ಬಂದಾಗ ಏನೋ ಕೆಲಸ ನೆನಪಾದಂತೆ ಬೇರೆ ಕಡೆ ತಿರುಗುತ್ತಿತ್ತು. ಇವತ್ತು ಹಾಗೆ ತಿರುಗಿಕೊಂಡು ಹೋಗಲು ದಾರಿ ಇರಲಿಲ್ಲ. ಒಬ್ಬಳೇ ಹೆಂಗಸನ್ನು ಅರ್ಧ ಮುತ್ತೈದೆ, ಅರ್ಧ ವಿಧವೆ ಮಾಡಿ ಮಣ್ಣಿಗೆ ಇಡಲಾಗುತ್ತದೆಯೇ?

ಕಾಟಪ್ಪ ಎದ್ದು ಬಂದು ಹೊಸಿಲಾಚೆ ನಿಂತ. ಹದಿನಾಲ್ಕು ವರ್ಷದಲ್ಲಿ ಅವನು ಈ ಹೊಸಿಲು ದಾಟಿದವನಲ್ಲ.

"ಯಾಕೆ ನಿಲ್ಲಿಸೀರಿ?"

"ಬಳೆ ಒಡಿಯೋಕೆ ಬಿಡಲ್ಲ ಚಿಕ್ಕಪ್ಪ. ಹಸಿರು ಸೀರೆ ಪೆಟ್ಟಿಗೇಲಿ ಐತೆ, ಅವ್ವನೇ ಎತ್ತಿಟ್ಟಿದ್ಲು. ಅದನ್ನೇ ಉಡಿಸಬೇಕು. ಉಡಿ ತುಂಬಬೇಕು."

"ನಿಮ್ಮಪ್ಪಂಗೆ ಕೈಯಾರೆ ಬೆಂಕಿ ಇಟ್ಟೋನು ನಾನು. ವರ್ಷ ವರ್ಷ ಎಡೆ ಇಟ್ಟೀನಿ. ಈಗ ಅತ್ತಿಗೆ ಮುತ್ತೈದೆ ಅಂದ್ರೆ, ನಾನು ಬದುಕಿರೋ ಅಣ್ಣನ್ನ ಸುಟ್ಟಂಗೆ ಆತು."

ಅಂಗಳದಲ್ಲಿದ್ದ ಜುಂಜಪ್ಪ ಅಲ್ಲಿಂದಲೇ ಗಂಟಲು ಸರಿಮಾಡಿಕೊಂಡ. ಊರಿನ ಯಾವ ಮನೆಯ ನ್ಯಾಯಕ್ಕೂ ಕರೆಯದೆ ಬಂದು ಕೂರುವ ಮನುಷ್ಯ ಅವನು. "ಹೊತ್ತಾಗ್ತೈತೆ ಕಾಟಪ್ಪ. ಪ್ರದೀಪ ಫೋನ್ ಮಾಡಿದ್ದ, ಗುಂಡಿ ತೋಡಿ ಮುಗೀತಂತೆ. ಏನಾರ ಒಂದು ಹೇಳು."

ಪ್ರದೀಪ ಜಯಶೀಲಾಳ ಗಂಡ. ಅವನು ಹೊಲದಲ್ಲಿದ್ದ. ಇಲ್ಲಿ ಅವಳ ಪರವಾಗಿ ಮಾತಾಡುವವರು ಯಾರೂ ಇರಲಿಲ್ಲ.

ಕಾಟಪ್ಪ ಅತ್ತಿಗೆಯ ಮುಖ ನೋಡಿದ. ಆಮೇಲೆ ಹೇಳಿದ. "ನೀನು ಓದಿದೋಳು. ದುರ್ಗದ ಕಾಲೇಜಲ್ಲಿ ನೂರಾರು ಮಕ್ಕಳಿಗೆ ಪಾಠ ಹೇಳೋಳು. ನಿಮ್ಮವ್ವನ ಪಾದ ಮುಟ್ಟಿ ಒಂದು ಮಾತು ಹೇಳು, ನಮ್ಮಪ್ಪ ಬದುಕಿದಾನೆ ಅಂತ. ಅಷ್ಟು ಹೇಳು ಸಾಕು, ನಾನೇ ಹೋಗಿ ಹೂವು ತರ್ತೀನಿ."

ಹೆಂಗಸರೆಲ್ಲ ಜಯಶೀಲಾಳ ಕಡೆ ತಿರುಗಿದರು. ಕರಿಸಿದ್ದಪ್ಪ ಸತ್ತು ಐದು ವರ್ಷವಾಗಿತ್ತು. ಈ ಊರಿನಲ್ಲಿ ಅದು ಗೊತ್ತಿದ್ದದ್ದು ಅವಳೊಬ್ಬಳಿಗೆ.

*

ಐದು ವರ್ಷದ ಹಿಂದೆ ಅವಳು ಸ್ಟಾಫ್ ರೂಮಿನಲ್ಲಿದ್ದಾಗ ಫೋನ್ ಬಂದಿತ್ತು. ಗುರುತಿಲ್ಲದ ಹೆಂಗಸಿನ ದನಿ. "ನಿಮ್ಮ ತಂದೆಯೋರು ರಾತ್ರಿ ಹೋಗ್ಬಿಟ್ರಮ್ಮ. ಅಂಗಿ ಜೇಬಲ್ಲಿ ಚೀಟಿ ಇತ್ತು, ಅದರಾಗೆ ನಿಮ್ಮ ನಂಬರ್ ಇತ್ತು."

ಹಿರಿಯೂರಿನ ಆಚೆ ಒಂದು ತೋಟದ ಮನೆ. ಅವಳು ಹೋದಾಗ ಆಗಲೇ ಎತ್ತುವ ಸಿದ್ಧತೆ ನಡೆದಿತ್ತು. ಬಿಳಿ ಗಡ್ಡದ, ಬಡಕಲಾದ ಆ ಮುಖದಲ್ಲಿ ಅಪ್ಪನನ್ನು ಹುಡುಕಿದಳು, ಸಿಗಲಿಲ್ಲ. ಕಾಲ ಮೇಲೆ ಹೊದಿಸಿದ್ದ ಹಳೆಯ ಕಂಬಳಿ ಮಾತ್ರ ಅವ್ವನ ಕೈ ನೂಲಿನದು. ಎರಡು ಕಪ್ಪು ಎಳೆಗೆ ಒಂದು ಬೂದು ಎಳೆ ಸೇರಿಸಿ ಅಂಚು ಕಟ್ಟುವುದು ಅವ್ವನ ಪದ್ಧತಿ. ಆ ಮನೆಯ ಹೆಂಗಸು ಇವಳ ಮುಖ ನೋಡಲಾರದೆ ಒಲೆಯ ಕಡೆ ತಿರುಗಿ ನಿಂತಿದ್ದಳು. ಅವಳನ್ನು ಬೈಯಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತುಗಳೆಲ್ಲ ಜಯಶೀಲಾಳಿಗೆ ಮರೆತುಹೋದವು. ಒಂದು ಹಿಡಿ ಮಣ್ಣು ಹಾಕಿ ಸಂಜೆಯ ಬಸ್ಸಿಗೆ ಹಿಂದಿರುಗಿದಳು.

ಅವ್ವನಿಗೆ ಹೇಳಲೇಬೇಕು ಎಂದುಕೊಂಡೇ ಮನೆಗೆ ಬಂದಳು. ಚಂದ್ರಕ್ಕ ಹಜಾರದಲ್ಲಿ ಉದ್ದಕ್ಕೆ ಎಳೆದು ಕಟ್ಟಿದ ಹಾಸುನೂಲಿಗೆ ಹುಣಸೆಬೀಜದ ಗಂಜಿ ಬಳಿಯುತ್ತಿದ್ದಳು. ಮಗ್ಗಕ್ಕೆ ಏರಿಸುವ ಮೊದಲು ನೂಲು ಗಟ್ಟಿಯಾಗಲೆಂದು ಬಳಿಯುವ ಗಂಜಿ ಅದು. ಈ ಕಡೆ ನೂಲುವುದು ಹೆಂಗಸರ ಕೆಲಸ, ಮಗ್ಗದಲ್ಲಿ ಕೂರುವುದು ಗಂಡಸರದು. ಗಂಡ ಹೋದ ಎರಡನೇ ತಿಂಗಳಿಗೆ ಚಂದ್ರಕ್ಕ ತಾನೇ ಮಗ್ಗದ ಗುಂಡಿಗೆ ಇಳಿದಿದ್ದಳು. ಜಯಶೀಲಾಳನ್ನು ಎಂ.ಎ. ತನಕ ಓದಿಸಿದ್ದು ಆ ಗುಂಡಿಯೇ.

"ಯಾಕೆ ಮಕ ಬಾಡೈತೆ?"

"ಪರೀಕ್ಷೆ ಪೇಪರ್ ಅವ್ವ. ತಲೆ ಸಿಡೀತೈತೆ."

"ಏನು ಬರೀತಾವೆ ನಿನ್ನ ಮಕ್ಕಳು?"

ಹೇಳಬೇಕಾದದ್ದರ ಬದಲು ಪಾಠ ಬಾಯಿಗೆ ಬಂತು. ಆ ವರ್ಷ ಬಿ.ಎ. ಮಕ್ಕಳಿಗೆ ಗ್ರೀಕರ ಹಳೆಯ ಮಹಾಕಾವ್ಯವೊಂದರ ಭಾಗವಿತ್ತು. ಯುದ್ಧಕ್ಕೆ ಹೋದ ರಾಜ ಇಪ್ಪತ್ತು ವರ್ಷ ಬರುವುದಿಲ್ಲ. ಅವನು ಸತ್ತನೆಂದು ರಾಣಿಯನ್ನು ಮದುವೆಯಾಗಲು ಬಂದವರು ಮನೆತುಂಬ ಠಿಕಾಣಿ ಹೂಡುತ್ತಾರೆ. ಮುದಿ ಮಾವನಿಗೆ ಸಾವಿನ ಬಟ್ಟೆ ನೇಯ್ದು ಮುಗಿಸುವ ತನಕ ತಡೆಯಿರಿ ಎನ್ನುತ್ತಾಳೆ ರಾಣಿ. ಹಗಲು ನೇಯುತ್ತಾಳೆ, ಇರುಳು ಬಿಚ್ಚುತ್ತಾಳೆ. 'ನೇಯ್ಗೆ ಯಾವುದರ ಸಂಕೇತ? ವಿವರಿಸಿ' ಎಂಬುದು ಹತ್ತು ಅಂಕದ ಪ್ರಶ್ನೆ. ಎಪ್ಪತ್ತು ಮಕ್ಕಳೂ ಪತಿನಿಷ್ಠೆಯ ಸಂಕೇತ ಎಂದು ಬರೆದಿದ್ದವು, ಗೈಡಿನಲ್ಲಿ ಹಾಗಿತ್ತು.

ಚಂದ್ರಕ್ಕ ಕುಂಚ ಹಿಡಿದೇ ಕೇಳಿದಳು. ಕೊನೆಗೆ ಅವಳ ಚಿಂತೆ ರಾಣಿಯದಾಗಿರಲಿಲ್ಲ, ನೂಲಿನದಾಗಿತ್ತು.

"ನೇಯ್ದದ್ದು ಬಿಚ್ಚಿದ್ರೆ ಎಳೆ ಪಿಸಿದು ಹೋಗ್ತೈತಲ್ಲೇ. ಎರಡು ಸಲ, ಮೂರು ಸಲ. ಆಮ್ಯಾಲೆ ಹೊಸ ನೂಲೇ ಬೇಕು. ಅವಳಿಗೆ ನೂಲು ತಂದುಕೊಡ್ತಿದ್ದೋರು ಯಾರು?"

"ಅದನ್ನ ಬರೆದಿಲ್ಲ ಅವ್ವ."

"ಯಾರೋ ಮನೆಯೋರೇ ಇರಬೇಕು. ಗೊತ್ತಿದ್ದೂ ಬಾಯಿ ಮುಚ್ಕಂಡು ತಂದುಕೊಟ್ಟಾರೆ." ಹೇಳುತ್ತ ಅವಳ ಕಣ್ಣು ಜಗಲಿಯ ಕಡೆ ಹೋಯಿತು. ಅಲ್ಲಿ ಕಾಟಪ್ಪ ಬೆಳಿಗ್ಗೆ ಇಟ್ಟುಹೋದ ಉಣ್ಣೆಯ ಗಂಟಿತ್ತು. ಮಾತು ಬಿಟ್ಟ ಮೇಲೂ ಕುರಿಯ ಉಣ್ಣೆ ಕತ್ತರಿಸಿದಾಗಲೆಲ್ಲ ಮೊದಲ ಗಂಟು ಅತ್ತಿಗೆಯ ಜಗಲಿಗೆ ಬರುತ್ತಿತ್ತು. ಕಾಟಪ್ಪ ಇಟ್ಟು ಕೆಮ್ಮಿ ಹೋಗುತ್ತಿದ್ದ, ಚಂದ್ರಕ್ಕ ಅವನು ತಿರುವು ದಾಟಿದ ಮೇಲೆ ಎತ್ತಿಕೊಳ್ಳುತ್ತಿದ್ದಳು.

"ಅವಳ ಗಂಡ ಬದುಕಿದಾನೆ ಅಂತ ಅವಳಿಗೆ ಗೊತ್ತಿತ್ತಾ?"

"ಇಲ್ಲ."

"ಸತ್ತ ಅಂತ ಯಾರಾರ ಬಂದು ಹೇಳಿದ್ರಾ?"

"ಇಲ್ಲವ್ವ."

"ಹಂಗಾರೆ ಸರಿಯಾಗೇ ಮಾಡ್ಯಾಳೆ." ಮತ್ತೆ ಕುಂಚ ಅದ್ದಿದಳು. "ಕೊನೆಗೆ ಬಂದನಾ?"

ಜಯಶೀಲಾಳ ಉಗುರಿನಲ್ಲಿ ಹಿರಿಯೂರಿನ ಮಣ್ಣು ಇನ್ನೂ ಇತ್ತು. ಅವ್ವನ ಕೈ ಎಳೆಗಳ ಮೇಲೆ ನಿಂತಿತ್ತು, ಬಳೆಗಳಿಗೆ ಗಂಜಿ ಮೆತ್ತಿತ್ತು.

"ಬಂದ ಅವ್ವ," ಎಂದಳು.

*

"ಹೇಳೇ," ಎಂದ ಕಾಟಪ್ಪ. "ಪಾದ ಮುಟ್ಟಿ ಹೇಳು."

ಜಯಶೀಲಾ ಅವ್ವನ ಪಾದದ ಹತ್ತಿರ ಕೈ ತಂದಳು. ಅರಿಶಿನ ಇನ್ನೂ ಹಚ್ಚಿರಲಿಲ್ಲ. ಮಗ್ಗದ ಹಲಗೆ ತುಳಿದು ತುಳಿದು ಹಿಮ್ಮಡಿ ಒಡೆದಿತ್ತು. ಬದುಕಿದ್ದಾಗ ಒಮ್ಮೆ ಸುಳ್ಳು ಹೇಳಿದ್ದಾಯಿತು, ಸತ್ತ ಮೇಲೂ ಈ ಪಾದ ಮುಟ್ಟಿ ಇನ್ನೊಂದು ಹೇಳಲು ಅವಳಿಂದಾಗಲಿಲ್ಲ. ಎದ್ದು ನಿಂತಳು.

"ಚಿಕ್ಕಪ್ಪ, ಹಿತ್ತಲಿಗೆ ಬಾ."

"ಹಿತ್ತಲಲ್ಲಿ ಯಾಕೆ? ಎಲ್ಲರ ಮುಂದೆ ಹೇಳು."

"ಅವ್ವನ ಮುಂದೆ ಹೇಳೋ ಮಾತಲ್ಲ."

ಹೆಂಗಸರ ನಡುವೆ ಗುಸುಗುಸು ಎದ್ದಿತು. ಜುಂಜಪ್ಪ ತಾನೂ ಏಳಲು ನೋಡಿದ. ಕಾಟಪ್ಪ ಅವನನ್ನು ಕಣ್ಣಲ್ಲೇ ಕೂರಿಸಿ, ಮನೆಯ ಪಕ್ಕದ ಸಂದಿಯಿಂದ ಸುತ್ತಿಕೊಂಡು ಹಿತ್ತಲಿಗೆ ಬಂದ.

ನುಗ್ಗೆಮರದ ಕೆಳಗೆ ನಿಂತು ಅವಳು ಎಲ್ಲವನ್ನೂ ಹೇಳಿದಳು. ಫೋನು, ತೋಟದ ಮನೆ, ಕಂಬಳಿಯ ಅಂಚು. ಒಂದೇ ಉಸಿರಿಗೆ, ತಲೆ ತಗ್ಗಿಸಿಕೊಂಡು. ಗೆದ್ದೆ ಎಂದು ಅವನು ಒಳಗೆ ಹೋಗಿ ಕಲ್ಲು ಎತ್ತಿಸುತ್ತಾನೆ ಎಂದೇ ಅವಳಿಗೆ ಭಯ.

ಕಾಟಪ್ಪ ಕೇಳಿದ್ದು ಬೇರೆ. "ಬದುಕಿದ್ನಾ? ನಾನು ಬೆಂಕಿ ಇಟ್ಟಾಗ ನಮ್ಮಣ್ಣ ಬದುಕಿದ್ನಾ?"

"ಅದಾದ ಮ್ಯಾಲೆ ಒಂಬತ್ತು ವರ್ಷ ಇದ್ದ ಚಿಕ್ಕಪ್ಪ."

"ಒಂಬತ್ತು ವರ್ಷ ಎಡೆ ಇಟ್ಟೆನಲ್ಲೇ. ಹಿರಿಯೂರಾಗೆ ಅವನು ಬಿಸಿ ಮುದ್ದೆ ಉಣ್ಣೋವಾಗ ನಾನು ಇಲ್ಲಿ ಕಾಗೆ ಕರೀತಿದ್ದೆ." ಅವನು ಮರಕ್ಕೆ ಕೈಯೂರಿದ. "ಮಣ್ಣು ಕೊಡೋಕೆ ನನ್ನನ್ನ ಯಾಕೆ ಕರೀಲಿಲ್ಲ? ಒಡಹುಟ್ಟಿದೋನು ಅಲ್ವೇನೇ ನಾನು?"

ಅವ್ವನ ಬಳೆ ಉಳಿಸುವ ಯೋಚನೆಯಲ್ಲಿ ಈ ಮನುಷ್ಯನಿಗೂ ಒಬ್ಬ ಅಣ್ಣನಿದ್ದ ಎನ್ನುವುದನ್ನೇ ಅವಳು ಐದು ವರ್ಷ ಮರೆತಿದ್ದಳು.

ಕಾಟಪ್ಪನ ಬಾಯಿ ತೆರೆಯಿತು. "ಅಣ್ಣಾ" ಎಂಬ ಕೂಗಿನ ಮೊದಲ ಅರ್ಧ ಹೊರಬಿತ್ತು. ಅಷ್ಟರಲ್ಲಿ ಅವನು ಹೆಗಲ ಟವೆಲ್ಲನ್ನು ಎಳೆದು ಬಾಯಿಗೆ ತುರುಕಿಕೊಂಡ. ಕಣ್ಣು ಹಿತ್ತಲ ಬಾಗಿಲ ಮೇಲಿತ್ತು. ಸ್ವಲ್ಪ ಹೊತ್ತಿನ ಮೇಲೆ ಟವೆಲ್ ತೆಗೆದು, ಪಿಸುದನಿಯಲ್ಲಿ ಕೇಳಿದ.

"ಅತ್ತಿಗೆಗೆ ಹೇಳಿದ್ದಾ?"

"ಇಲ್ಲ."

"ಬ್ಯಾರೆ ಯಾರಾರ?"

"ಯಾರಿಗೂ ಗೊತ್ತಿಲ್ಲ. ಪ್ರದೀಪಂಗೂ ಹೇಳಿಲ್ಲ."

"ಹಂಗಾರೆ ಬಾಯಿ ಮುಚ್ಕ. ಸೂತಕ ಅನ್ನೋದು ಸಾವಿಗಲ್ಲ, ಸುದ್ದಿಗೆ. ಸುದ್ದಿ ಕಿವಿಗೆ ಬಿದ್ದ ದಿನದಿಂದ ಲೆಕ್ಕ. ಅತ್ತಿಗೆ ಕಿವಿಗೆ ಬಿದ್ದಿಲ್ಲ. ಅವಳು ಮುತ್ತೈದೆನೇ. ಮಣ್ಣಾಗೋ ತನಕ ಯಾರ ಬಾಯಾಗೂ ಈ ಮಾತು ಬರಬಾರ್ದು. ನನ್ನ ಬಾಯಾಗೂ."

ಮುಖ ಒರೆಸಿಕೊಂಡು ಅವನು ಅಂಗಳಕ್ಕೆ ಹೋದ. ಜಯಶೀಲಾ ಹಿಂದೆಯೇ ಹೋದಳು. ಅವನು ಒಳಕ್ಕೆ ಕೇಳುವಂತೆ ಕೂಗಿ ಹೇಳಿದ.

"ಓಬವ್ವ, ಹಸಿರು ಸೀರೆ ತಗಿ. ಉಡಿ ತುಂಬ್ರಿ. ನಮ್ಮಣ್ಣನ್ನ ಇವಳು ಹಿರಿಯೂರು ಕಡೆ ನೋಡ್ಯಾಳೆ."

ಜುಂಜಪ್ಪನಿಗೆ ಸುಮ್ಮನೆ ಕೂರಲಾಗಲಿಲ್ಲ. "ನಿಜವೇನವ್ವ? ನೋಡಿದ್ಯಾ?"

"ನೋಡೀನಿ," ಎಂದಳು ಜಯಶೀಲಾ. ಅಷ್ಟು ಮಾತ್ರ ನಿಜವಾಗಿತ್ತು.

"ಹಂಗಾರೆ ಕಾಟಪ್ಪ, ಅವತ್ತು ಊರಿಗೂರೇ ಉಂಡಿದ್ದು ಯಾರ ತಿಥಿ?"

ಯಾರೋ ಕಿಸಕ್ಕೆಂದರು. ಊರಿನ ಪಂಚಾಯ್ತಿಯಲ್ಲಿ ಇವತ್ತಿನ ತನಕ ಕಾಟಪ್ಪನ ಮಾತಿಗೆ ಎದುರಾಡಿದವರಿರಲಿಲ್ಲ. ಅವನು ಜುಂಜಪ್ಪನ ಮುಂದೆ ನಿಂತ.

"ತಪ್ಪು ನಂದು. ಬದುಕಿದ್ದ ಅಣ್ಣಂಗೆ ಬೆಂಕಿ ಇಟ್ಟೋನು ನಾನು. ನಾಳೆಯಿಂದ ಊರೆಲ್ಲ ಹೇಳ್ಕಂಡು ತಿರುಗ್ರಿ, ಬ್ಯಾಡ ಅನ್ನಲ್ಲ. ಇವತ್ತು ಮಾತ್ರ ಹೆಣದ ಮುಂದೆ ಸುಮ್ಕೆ ಕುಂತ್ಕಳ್ರಿ."

ಒಳಗೆ ಓಬವ್ವ ಗುಂಡುಕಲ್ಲನ್ನು ಕಾಲಿನಿಂದ ಮೂಲೆಗೆ ಸರಿಸಿದಳು. ಹೆಂಗಸರು ಒಬ್ಬೊಬ್ಬರೇ ಎದ್ದು ಬಂದರು. ಹದಿನಾಲ್ಕು ವರ್ಷ ತಟ್ಟೆ ದಾಟಿಸಿದ ಕೈಗಳೇ ಈಗ ಚಂದ್ರಕ್ಕನ ಕೆನ್ನೆಗೆ ಅರಿಶಿನ ಬಳಿದವು, ಹಣೆಗೆ ಕಾಸಿನಗಲ ಕುಂಕುಮ ಇಟ್ಟವು. ಅಕ್ಕಿ, ಕೊಬ್ಬರಿ, ಎಲೆ ಅಡಿಕೆ ಉಡಿಗೆ ಬಿದ್ದವು. ಹಳೆಯ ಬಳೆಗಳ ಪಕ್ಕಕ್ಕೆ ಓಬವ್ವ ಹೊಸ ಬಳೆ ಏರಿಸಿದಳು.

"ನೀರು ಸಾಲ್ದು, ಇನ್ನೊಂದು ಚೊಂಬು ತಾರೇ," ಎಂದಳು ಓಬವ್ವ. ಜಯಶೀಲಾ ಹಿತ್ತಲ ಬಾಗಿಲು ತೆರೆದಳು.

ಕಾಟಪ್ಪ ಕಲ್ಲುತೊಟ್ಟಿಯ ಪಕ್ಕ ಉಟ್ಟ ಪಂಚೆ, ತೊಟ್ಟ ಅಂಗಿಯಲ್ಲೇ ಕುಕ್ಕರಗಾಲಿನಲ್ಲಿ ಕುಳಿತಿದ್ದ. ಅಣ್ಣನ ಸುದ್ದಿ ಕೇಳಿದ್ದಕ್ಕೆ ತಲೆಗೆ ನೀರು ಹಾಕಿಕೊಳ್ಳುತ್ತಿದ್ದ. ಹಲ್ಲಿನ ನಡುವೆ ಟವೆಲ್ ಕಚ್ಚಿ ಹಿಡಿದಿದ್ದ. ಹೆಗಲು ಬಿಕ್ಕುತ್ತಿತ್ತು. ಒಂದೊಂದು ಚೊಂಬನ್ನೂ ನೆತ್ತಿಗೆ ತಾಗಿಸಿ, ಒಳಗೆ ಮಲಗಿದ್ದವಳಿಗೆ ಕೇಳಿಸದ ಹಾಗೆ, ಸದ್ದಿಲ್ಲದೆ ಕತ್ತಿನುದ್ದ ಇಳಿಸಿಕೊಳ್ಳುತ್ತಿದ್ದ.